ಟೆಂಪ್ಲೇಟ್‌ನಿಂದ ವೆಬ್‌ಸೈಟ್: ಮೊದಲು ಬರಹ, ಆಮೇಲೆ ಬಣ್ಣ

ವೆಬ್ ಡಿಸೈನ್ ತಂತ್ರಾಂಶ ಯಾವುದೇ ಇರಲಿ, ತೆರೆದ ಕೂಡಲೇ ಎದುರಾಗುವುದು ಟೆಂಪ್ಲೇಟ್‌ಗಳ, ಅಂದರೆ ಮೊದಲೇ ಸಿದ್ಧಮಾಡಿಟ್ಟ ಪುಟವಿನ್ಯಾಸಗಳ ಸಾಲು. ಪರದೆ ತುಂಬ ಒಂದು ಫೋಟೊ, ಅದರ ಮೇಲೆ ಎರಡೇ ಪದದ ತಲೆಬರಹ, ಕೆಳಗೊಂದು ದುಂಡನೆಯ ಬಟನ್. ನೋಡಿದವರು ಮರುಳಾಗದೇ ಇರುವುದು ಕಷ್ಟ. ಅದನ್ನೇ ಆರಿಸಿಕೊಂಡು, ಆ ಫೋಟೊ ತೆಗೆದು ಮೊಬೈಲ್‌ನಲ್ಲಿ ಹಿಡಿದ ನಮ್ಮ ಫೋಟೊ ಹಾಕಿ, ಎರಡು ಪದದ ಜಾಗದಲ್ಲಿ ಎಂಟು ಪದದ ಹೆಸರು ತುರುಕಿದ ಮೇಲೆ ಅದೇ ಪುಟ ಕಳೆಗುಂದಿ ಕೂರುತ್ತದೆ. ಟೆಂಪ್ಲೇಟ್‌ನ ತಪ್ಪೇನೂ ಇಲ್ಲ, ಅದನ್ನು ಇನ್ನೊಬ್ಬರ ಅಳತೆ ತೆಗೆದು ಹೊಲಿದಿದ್ದಾರೆ ಅಷ್ಟೆ. ಹಾಗಾಗಿ ಇಲ್ಲಿ ಕೆಲಸದ ಕ್ರಮವನ್ನು ಕೊಂಚ ತಿರುವುಮುರುವು ಮಾಡಿದ್ದೇನೆ. ಮೊದಲು ನಮ್ಮ ಬರಹ, ಆಮೇಲೆ ಟೆಂಪ್ಲೇಟ್. ಬಣ್ಣ, ಫಾಂಟುಗಳ ಸರದಿ ಅದಕ್ಕೂ ನಂತರ.

ತಂತ್ರಾಂಶ ತೆರೆಯುವ ಮುಂಚೆ

ಒಂದು ಸಾದಾ ಕಡತ ತೆರೆದು ನಿಮಗೆ ಬೇಕಾದ ಪುಟಗಳ ಹೆಸರು ಬರೆಯಿರಿ. ಚಿತ್ರಕಲೆ ತರಗತಿ ನಡೆಸುವವರು ಒಬ್ಬರಿದ್ದಾರೆ ಎಂದುಕೊಳ್ಳೋಣ. ಅವರಿಗೆ ಮುಖಪುಟ, ತರಗತಿಗಳು, ಮಕ್ಕಳು ಬಿಡಿಸಿದ ಚಿತ್ರಗಳು, ನಮ್ಮ ಬಗ್ಗೆ, ಸಂಪರ್ಕ, ಇಷ್ಟು ಸಾಕು. ಮೊದಲ ಸಲಕ್ಕೆ ಐದು ಪುಟ ದಾಟಬೇಡಿ. ಖಾಲಿ ಪುಟ ಇಟ್ಟು ‘ಶೀಘ್ರದಲ್ಲೇ ಬರಲಿದೆ’ ಎಂದು ಬರೆಯುವುದಕ್ಕಿಂತ ಆ ಪುಟವೇ ಇಲ್ಲದಿರುವುದು ಎಷ್ಟೋ ಮೇಲು.

ಪ್ರತಿ ಪುಟದ ಹೆಸರಿನ ಕೆಳಗೆ, ಅಲ್ಲಿಗೆ ಬರುವವರ ಮನಸ್ಸಿನಲ್ಲಿರುವ ಪ್ರಶ್ನೆ ಏನು ಎಂದು ಬರೆದುಕೊಳ್ಳಿ. ತರಗತಿ ಯಾವ ದಿನ? ಎಷ್ಟು ಹೊತ್ತು? ಶುಲ್ಕ ಎಷ್ಟು? ಸೇರುವುದು ಹೇಗೆ? ಈ ನಾಲ್ಕಕ್ಕೆ ನೇರ ಉತ್ತರ ಬರೆದರೆ ‘ತರಗತಿಗಳು’ ಪುಟ ಮುಕ್ಕಾಲು ಮುಗಿದ ಹಾಗೆ. ಇದನ್ನು ಆಗಲೇ ಪೂರ್ತಿ ವಾಕ್ಯಗಳಲ್ಲಿ ಬರೆದುಬಿಡಿ. ಪುಟ ಸಿದ್ಧವಾದ ಮೇಲೆ ಬರೆದರಾಯಿತು ಎಂದು ಬಿಟ್ಟರೆ, ಟೆಂಪ್ಲೇಟ್‌ನಲ್ಲಿ ಎಷ್ಟು ಜಾಗ ಇದೆಯೋ ಅಷ್ಟಕ್ಕೆ ಮಾತು ಹೊಂದಿಸುವ ಪಾಡು ಬರುತ್ತದೆ.

ಇನ್ನು ಫೋಟೊಗಳನ್ನು ಒಂದು ಫೋಲ್ಡರ್‌ಗೆ ಹಾಕಿ, ಅಡ್ಡಕ್ಕೆ ತೆಗೆದವು ಎಷ್ಟು, ಉದ್ದಕ್ಕೆ ತೆಗೆದವು ಎಷ್ಟು ಎಣಿಸಿ. ಕ್ಷುಲ್ಲಕ ಅನಿಸಬಹುದು. ಆದರೆ ಇರುವ ಫೋಟೊಗಳೆಲ್ಲ ಉದ್ದಕ್ಕಿದ್ದು, ಆರಿಸಿದ ಟೆಂಪ್ಲೇಟ್ ಪರದೆಯಗಲದ ಅಡ್ಡ ಚಿತ್ರವನ್ನೇ ನೆಚ್ಚಿಕೊಂಡಿದ್ದರೆ ಎಲ್ಲರ ತಲೆ ಕತ್ತರಿಸಿಹೋಗುತ್ತದೆ.

ಯಾವ ಬಗೆಯ ತಂತ್ರಾಂಶ

ಒಟ್ಟಾರೆ ಮೂರು ಬಗೆ. ವಿಕ್ಸ್, ಸ್ಕ್ವೇರ್‌ಸ್ಪೇಸ್ ಥರದವು ಬ್ರೌಸರ್‌ನಲ್ಲೇ ನಡೆಯುತ್ತವೆ, ಹೋಸ್ಟಿಂಗ್, ಅಂದರೆ ಸೈಟನ್ನು ನೆಟ್‌ನಲ್ಲಿ ಇರಿಸುವ ಜಾಗ, ಅವರದ್ದೇ. ಬೇಗ ಕೆಲಸವಾಗುತ್ತದೆ, ಆದರೆ ಕಟ್ಟಿದ ಸೈಟನ್ನು ಹಾಗೆಯೇ ಎತ್ತಿಕೊಂಡು ಬೇರೆ ಕಡೆ ಹೋಗಲಾಗದು. ವಿಕ್ಸ್‌ನಲ್ಲಂತೂ ಒಮ್ಮೆ ಆರಿಸಿದ ಟೆಂಪ್ಲೇಟನ್ನು ಆ ಸೈಟಿಗೆ ಬದಲಾಯಿಸಲು ಬರುವುದಿಲ್ಲ. ಬೇರೆಯದು ಬೇಕೆಂದರೆ ಹೊಸ ಸೈಟ್ ಶುರು ಮಾಡಿ ಎಲ್ಲವನ್ನೂ ಮತ್ತೆ ತುಂಬಬೇಕು. ಆದ್ದರಿಂದ ಅಲ್ಲಿ ಆಯ್ಕೆಗೆ ಹೆಚ್ಚು ಹೊತ್ತು ಕೊಡಿ.

2003ರಲ್ಲಿ ಬಂದ ವರ್ಡ್‌ಪ್ರೆಸ್ ಎರಡನೆಯ ಬಗೆ. ಇಲ್ಲಿ ಟೆಂಪ್ಲೇಟ್‌ಗೆ ಥೀಮ್ ಎನ್ನುತ್ತಾರೆ. ಬರಹ ಡೇಟಾಬೇಸ್‌ನಲ್ಲಿ, ರೂಪ ಥೀಮ್‌ನಲ್ಲಿ, ಹೀಗೆ ಎರಡೂ ಬೇರೆ ಬೇರೆ ಇರುತ್ತವೆ. ಥೀಮ್ ಬದಲಾಯಿಸಿದರೂ ಬರಹ ಉಳಿಯುತ್ತದೆ, ಮೆನು ಮತ್ತು ಬದಿಯಲ್ಲೋ ಅಡಿಯಲ್ಲೋ ಕೂರುವ ಪುಟ್ಟ ಪೆಟ್ಟಿಗೆಗಳಾದ ವಿಜೆಟ್‌ಗಳನ್ನು ಮಾತ್ರ ಮತ್ತೆ ಜೋಡಿಸಬೇಕಾದೀತು. ಜನವರಿ 2022ರ 5.9 ಆವೃತ್ತಿಯಿಂದ ಬ್ಲಾಕ್ ಥೀಮ್‌ಗಳು ಬಂದಿವೆ. ಅವುಗಳಲ್ಲಿ ಪುಟದ ತಲೆಭಾಗವಾದ ಹೆಡರ್, ಅಡಿಭಾಗವಾದ ಫುಟರ್ ಸಮೇತ ಎಲ್ಲವನ್ನೂ ಸೈಟ್ ಎಡಿಟರ್‌ನಲ್ಲೇ ತಿದ್ದಬಹುದು.

ಮೂರನೆಯದು ಡ್ರೀಮ್‌ವೀವರ್‌ನಂಥದ್ದು. ಮ್ಯಾಕ್ರೋಮೀಡಿಯಾ 1997ರಲ್ಲಿ ಹೊರತಂದ ಇದು ಆಮೇಲೆ ಅಡೋಬಿ ಕೈಗೆ ಬಂತು. ಪುಟಗಳನ್ನು ನಿಮ್ಮ ಕಂಪ್ಯೂಟರ್‌ನಲ್ಲೇ ಕಟ್ಟಿ, ವೆಬ್ ಪುಟದ ಭಾಷೆಯಾದ ಎಚ್‌ಟಿಎಂಎಲ್ ಕಡತಗಳಾಗಿ ಸರ್ವರ್‌ಗೆ, ಅಂದರೆ ಸೈಟನ್ನು ಎಲ್ಲರಿಗೂ ಒದಗಿಸುವ ಕಂಪ್ಯೂಟರ್‌ಗೆ, ಏರಿಸುವ ಪದ್ಧತಿ. ವಾರಕ್ಕೊಮ್ಮೆ ಹೊಸ ಸುದ್ದಿ ಹಾಕುವವರಿಗೆ ವರ್ಡ್‌ಪ್ರೆಸ್ ಅನುಕೂಲ. ವರ್ಷಕ್ಕೊಮ್ಮೆ ಶುಲ್ಕ ಬದಲಾಯಿಸಿ ಸುಮ್ಮನಾಗುವ ಐದು ಪುಟದ ಸೈಟಿಗೆ ಈ ಹಳೆಯ ಪದ್ಧತಿಯೇ ನನಗೆ ಈಗಲೂ ಇಷ್ಟ. ಅಪ್‌ಡೇಟ್ ಮಾಡಿ ಎಂದು ಗೋಳು ಹೊಯ್ದುಕೊಳ್ಳುವ ಪ್ಲಗಿನ್ (ಹೆಚ್ಚುವರಿ ಸೌಲಭ್ಯಕ್ಕೆ ಸೇರಿಸುವ ಕಿರುತಂತ್ರಾಂಶ) ಒಂದೂ ಇರುವುದಿಲ್ಲ.

ಟೆಂಪ್ಲೇಟ್ ಆರಿಸುವುದು

ಫೋಟೊಗಳನ್ನು ಮರೆತು ನೋಡಿ. ಕಣ್ಣು ಕಿರಿದು ಮಾಡಿ ನೋಡಿದರೂ ಆದೀತು: ತಲೆಬರಹ ಎಲ್ಲಿ, ಮೆನು ಎಲ್ಲಿ, ಬರಹಕ್ಕೆ ಎಷ್ಟು ಜಾಗ, ಈ ಅಸ್ಥಿಪಂಜರವೇ ಟೆಂಪ್ಲೇಟ್‌ನ ನಿಜವಾದ ರೂಪ. ಬಣ್ಣವನ್ನು ನಾಳೆ ಬದಲಾಯಿಸಬಹುದು, ಎರಡು ಅಂಕಣದ ಪುಟವನ್ನು ಒಂದು ಅಂಕಣ ಮಾಡುವುದು ತಲೆನೋವು.

ಮುಖಪುಟದ ಡೆಮೊ ನೋಡಿ ತೀರ್ಮಾನಿಸಬೇಡಿ, ಒಳಪುಟಗಳನ್ನೂ ತೆರೆಯಿರಿ. ಮುಖಪುಟಕ್ಕೆ ಜೀವ ತೇಯ್ದು, ಒಳಪುಟಗಳನ್ನು ಕಾಟಾಚಾರಕ್ಕೆ ಮಾಡಿದ ಟೆಂಪ್ಲೇಟ್‌ಗಳು ಬೇಕಾದಷ್ಟಿವೆ. ಬ್ರೌಸರ್ ಕಿಟಕಿಯನ್ನು ಎಳೆದು ಮೊಬೈಲಿನಷ್ಟು ಕಿರಿದು ಮಾಡಿ. ಮೆನು ಮೂರು ಗೆರೆಯ ಗುರುತಾಗಿ ಮಡಚಿಕೊಂಡಿತೆ, ಅದನ್ನು ಒತ್ತಿದರೆ ತೆರೆಯಿತೆ, ಮತ್ತೆ ಮುಚ್ಚಿತೆ? ಆಮೇಲೆ ಪ್ರಯೋಗಕ್ಕೆಂದು ನಿಮ್ಮ ಪಟ್ಟಿಯ ಅತಿ ಉದ್ದದ ತಲೆಬರಹವನ್ನೂ, ಇರುವುದರಲ್ಲಿ ಅತಿ ಸಪ್ಪೆಯಾದ ಫೋಟೊವನ್ನೂ ಹಾಕಿ ನೋಡಿ. ಅಷ್ಟಾದರೂ ಪುಟ ನೋಡುವ ಹಾಗಿದ್ದರೆ ಅದನ್ನೇ ಇಟ್ಟುಕೊಳ್ಳಿ.

ಪರವಾನಗಿ ಓದದೆ ಮುಂದೆ ಹೋಗಬೇಡಿ. ಎಚ್‌ಟಿಎಂಎಲ್5 ಅಪ್ ಎಂಬ ತಾಣದಲ್ಲಿ ಸಿಗುವ ಟೆಂಪ್ಲೇಟ್‌ಗಳು ಉಚಿತ, ಆದರೆ ಕ್ರಿಯೇಟಿವ್ ಕಾಮನ್ಸ್ ಆಟ್ರಿಬ್ಯೂಷನ್ 3.0 ಪರವಾನಗಿಯಲ್ಲಿವೆ. ಅಂದರೆ ಮಾಡಿದವರ ಹೆಸರನ್ನು ಸೈಟಿನಲ್ಲಿ ಉಳಿಸಬೇಕು. ಫುಟರ್‌ನ ಆ ಸಾಲನ್ನು ಅಳಿಸುವುದೇ ಹಲವರು ಮಾಡುವ ಮೊದಲ ಕೆಲಸ! ವರ್ಡ್‌ಪ್ರೆಸ್‌ನ ಅಧಿಕೃತ ಸಂಗ್ರಹದ ಥೀಮ್‌ಗಳಿಗೆ ಜಿಪಿಎಲ್ ಎಂಬ ಮುಕ್ತ ತಂತ್ರಾಂಶದ ಪರವಾನಗಿ ಇರುವುದರಿಂದ ತಿದ್ದಲು ಅಡ್ಡಿಯಿಲ್ಲ. ಹಣ ಕೊಟ್ಟು ಕೊಳ್ಳಬೇಕಾದ ಥೀಮನ್ನು ‘ನಲ್ಡ್’ ಎಂದು ಪುಕ್ಕಟೆ ಹಂಚುವ ತಾಣಗಳ ಹತ್ತಿರ ಮಾತ್ರ ಸುಳಿಯಬೇಡಿ. ಅಂಥ ಕಡತಗಳ ಒಳಗೆ ಕಳ್ಳ ಕೋಡ್ ಸೇರಿಸಿರುವುದು ಸಾಮಾನ್ಯ. ಇನ್ನೊಂದು, ಡೆಮೊದಲ್ಲಿ ಕಾಣುವ ಫೋಟೊಗಳ ಹಕ್ಕು ಟೆಂಪ್ಲೇಟ್ ಜೊತೆ ಬಂದೇ ಬರುತ್ತದೆ ಎಂದುಕೊಳ್ಳಬೇಡಿ.

ಒಂದು ಕಡೆ ತಿದ್ದಿದರೆ ಎಲ್ಲ ಕಡೆ ಬದಲಾಗಬೇಕು

ಟೆಂಪ್ಲೇಟ್ ಬಳಸುವುದರ ದೊಡ್ಡ ಲಾಭ ಚೆಂದದ ಡಿಸೈನ್ ಸಿಗುವುದು ಎಂದು ಬಹಳ ಜನ ಎಣಿಸುತ್ತಾರೆ. ನನ್ನ ಲೆಕ್ಕದಲ್ಲಿ ದೊಡ್ಡ ಲಾಭ ಬೇರೆ. ಫೋನ್ ನಂಬರ್ ಬದಲಾದಾಗ ಐದು ಪುಟ ತೆರೆಯದೆ ಒಂದೇ ಕಡೆ ತಿದ್ದಿ ಮುಗಿಸುವುದು. ಆ ಲಾಭವನ್ನು ಅರಿಯದೆಯೇ ಕಳೆದುಕೊಳ್ಳುವವರು ಬಹಳ. ಒಂದು ಪುಟದ ತಲೆಬರಹವನ್ನು ಆಯ್ದು ಬಣ್ಣ ಬದಲಿಸುತ್ತಾರೆ, ಮುಂದಿನ ಪುಟದಲ್ಲಿ ಅದನ್ನೇ ಮತ್ತೆ ಮಾಡುತ್ತಾರೆ. ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ನೀಲಿ ಒಂದು ಛಾಯೆ ಹೆಚ್ಚುಕಡಿಮೆ ಆಗಿರುತ್ತದೆ.

ಆದ್ದರಿಂದ ಯಾವ ಪುಟಕ್ಕೂ ಕೈ ಹಾಕುವ ಮುನ್ನ ಇಡೀ ಸೈಟಿನ ಶೈಲಿ ನಿಗದಿ ಮಾಡುವ ಜಾಗ ಹುಡುಕಿ. ವರ್ಡ್‌ಪ್ರೆಸ್ ಬ್ಲಾಕ್ ಥೀಮ್‌ನಲ್ಲಿ ಅದು ಸೈಟ್ ಎಡಿಟರ್ ಒಳಗಿನ ‘ಸ್ಟೈಲ್ಸ್’. ಸಾದಾ ಎಚ್‌ಟಿಎಂಎಲ್ ಟೆಂಪ್ಲೇಟ್‌ನಲ್ಲಿ ಬಣ್ಣ, ಅಳತೆಗಳನ್ನು ಬರೆದಿಡುವ ಸಿಎಸ್‌ಎಸ್ ಕಡತ, ಹೊಸ ಟೆಂಪ್ಲೇಟ್‌ಗಳಲ್ಲಾದರೆ ಆ ಕಡತದ ಮೇಲ್ಭಾಗದಲ್ಲೇ ಬಣ್ಣಗಳಿಗೆಲ್ಲ ಒಂದೊಂದು ಹೆಸರಿಟ್ಟು, ವೇರಿಯಬಲ್‌ಗಳಾಗಿ ಪಟ್ಟಿ ಮಾಡಿರುವುದುಂಟು. ಒಂದು ಮುಖ್ಯ ಬಣ್ಣ, ಬಟನ್‌ಗೆ ಇನ್ನೊಂದು, ಬರಹಕ್ಕೆ ಕಪ್ಪಿಗೆ ಹತ್ತಿರದ ಬೂದು. ಇಷ್ಟರಲ್ಲಿ ನಿಲ್ಲಿಸಿ. ಬರಹಕ್ಕೂ ಹಿನ್ನೆಲೆಗೂ ನಡುವಿನ ಕಾಂಟ್ರಾಸ್ಟ್ ಕನಿಷ್ಠ 4.5:1 ಇರಬೇಕು ಎನ್ನುವುದು, ವೆಬ್ ಎಲ್ಲರಿಗೂ ಬಳಸಲು ಬರುವಂತಿರಲಿ ಎಂದು ಮಾಡಿದ ಡಬ್ಲ್ಯೂಸಿಎಜಿ ಮಾನದಂಡ. ಇದನ್ನು ಅಳೆದು ಹೇಳುವ ಉಚಿತ ಸಾಧನಗಳಿವೆ. ಬಿಳಿ ಮೇಲೆ ತಿಳಿಬೂದು ಅಕ್ಷರ ಡೆಮೊದಲ್ಲಿ ಸೊಗಸು, ಬಿಸಿಲಲ್ಲಿ ಮೊಬೈಲ್ ಹಿಡಿದು ನಿಂತವರಿಗೆ ಏನೂ ಕಾಣದು.

ಡ್ರೀಮ್‌ವೀವರ್‌ನಲ್ಲಿ ಈ ತತ್ವ ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ, ಬೇರೆ ತಂತ್ರಾಂಶ ಬಳಸುವವರೂ ತಿಳಿದರೆ ನಷ್ಟವಿಲ್ಲ. ಮೊದಲು ಸೈಟನ್ನು ಡಿಫೈನ್ ಮಾಡಿ, ಅಂದರೆ ಎಲ್ಲ ಕಡತಗಳು ಇರುವ ಮೂಲ ಫೋಲ್ಡರ್ ಯಾವುದು ಎಂದು ತಂತ್ರಾಂಶಕ್ಕೆ ಹೇಳಿ. ಒಂದು ಪುಟವನ್ನು ಟೆಂಪ್ಲೇಟ್ ಆಗಿ ಸೇವ್ ಮಾಡಿದಾಗ ಅದು ಟೆಂಪ್ಲೇಟ್ಸ್ ಎಂಬ ಫೋಲ್ಡರ್‌ಗೆ ಡಾಟ್ ಡಿಡಬ್ಲ್ಯೂಟಿ ಕಡತವಾಗಿ ಹೋಗುತ್ತದೆ. ಆ ಫೋಲ್ಡರ್‌ನ ಜಾಗವನ್ನಾಗಲಿ ಹೆಸರನ್ನಾಗಲಿ ಬದಲಾಯಿಸಬೇಡಿ. ಟೆಂಪ್ಲೇಟ್ ಒಳಗೆ ಪುಟದಿಂದ ಪುಟಕ್ಕೆ ಬದಲಾಗುವ ಭಾಗವನ್ನು ಮಾತ್ರ ‘ಎಡಿಟಬಲ್ ರೀಜನ್’ ಎಂದು ಗುರುತಿಸಬೇಕು: ಪುಟದ ಶೀರ್ಷಿಕೆ, ನಡುವಿನ ಬರಹ. ಹೆಡರ್, ಮೆನು, ಫುಟರ್ ಬೀಗ ಹಾಕಿದಂತೆ ಉಳಿಯುತ್ತವೆ. ನಾಳೆ ಮೆನುವಿಗೆ ಒಂದು ಕೊಂಡಿ ಸೇರಿಸಿ ಟೆಂಪ್ಲೇಟ್ ಸೇವ್ ಮಾಡಿದರೆ, ಇದನ್ನು ಬಳಸಿದ ಪುಟಗಳನ್ನೆಲ್ಲ ಅಪ್‌ಡೇಟ್ ಮಾಡಲೇ ಎಂದು ಅದೇ ಕೇಳುತ್ತದೆ. ಹೂಂ ಅನ್ನಿ. ಆದರೆ ಬದಲಾದದ್ದು ನಿಮ್ಮ ಕಂಪ್ಯೂಟರ್‌ನ ಪುಟಗಳು ಮಾತ್ರ. ಅಷ್ಟನ್ನೂ ಮತ್ತೆ ಸರ್ವರ್‌ಗೆ ಏರಿಸುವ ತನಕ ಹೊರಗಿನವರಿಗೆ ಹಳೆಯ ಮೆನುವೇ ಕಾಣುತ್ತಿರುತ್ತದೆ.

ವರ್ಡ್‌ಪ್ರೆಸ್‌ನಲ್ಲಿ ಥೀಮ್‌ನ ಕೋಡ್ ಕಡತಗಳನ್ನೇ ತಿದ್ದುವ ಆಲೋಚನೆ ಇದ್ದರೆ ಚೈಲ್ಡ್ ಥೀಮ್, ಅಂದರೆ ಮೂಲ ಥೀಮನ್ನು ನೆಚ್ಚಿಕೊಂಡ ಪ್ರತ್ಯೇಕ ಮರಿ ಥೀಮ್, ಮಾಡಿಕೊಂಡು ಅಲ್ಲಿ ತಿದ್ದಿ. ಮೂಲ ಥೀಮ್‌ನಲ್ಲಿ ಮಾಡಿದ ತಿದ್ದುಪಡಿ ಮುಂದಿನ ಅಪ್‌ಡೇಟ್‌ನಲ್ಲಿ ಒರೆಸಿಹೋಗುತ್ತದೆ.

ಕನ್ನಡದ ಅಕ್ಷರಕ್ಕೆ ಟೆಂಪ್ಲೇಟ್ ಒಗ್ಗಿಸುವುದು

ಇಂಗ್ಲಿಷ್‌ನಲ್ಲಿ ಸೈಟ್ ಮಾಡುವವರು ಈ ಭಾಗ ಬಿಟ್ಟು ಮುಂದೆ ಹೋಗಬಹುದು. ಕನ್ನಡದಲ್ಲಿ ಮಾಡುವವರಿಗೆ ಮಾತ್ರ ಅರ್ಧ ಕೆಲಸ ಇರುವುದೇ ಇಲ್ಲಿ.

ಟೆಂಪ್ಲೇಟ್ ಜೊತೆ ಬಂದ ಫಾಂಟ್‌ನಲ್ಲಿ ಸಾಮಾನ್ಯವಾಗಿ ಕನ್ನಡ ಅಕ್ಷರಗಳೇ ಇರುವುದಿಲ್ಲ. ಆಗ ಬ್ರೌಸರ್ ತನಗೆ ಸಿಕ್ಕಿದ ಕನ್ನಡ ಫಾಂಟ್ ತೋರಿಸುತ್ತದೆ, ಒಂದೊಂದು ಸಾಧನದಲ್ಲಿ ಒಂದೊಂದು ರೂಪ. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುವ ನೋಟೊ ಸ್ಯಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ 2, ತಿರೊ ಕನ್ನಡ ಇವುಗಳಲ್ಲಿ ಒಂದನ್ನು ಸೈಟಿನ ಶೈಲಿಯಲ್ಲೇ ನಿಗದಿ ಮಾಡಿ. ನೋಟೊ ಸ್ಯಾನ್ಸ್‌ನಲ್ಲಿ ತೆಳುವಿನಿಂದ ದಪ್ಪದವರೆಗೆ ಹಲವು ತೂಕಗಳಿವೆ. ತಿರೊ ಕನ್ನಡ ಓದಲು ಬಲು ಚೆಂದ, ಆದರೆ ಅದರಲ್ಲಿ ಬೋಲ್ಡ್ ಇಲ್ಲ. ಬೋಲ್ಡ್ ಒತ್ತಿದರೆ ಬ್ರೌಸರ್ ತಾನೇ ಅಕ್ಷರಕ್ಕೆ ಮಸಿ ಬಳಿದಂತೆ ದಪ್ಪ ಮಾಡುತ್ತದೆ.

ಮುಂದಿನದು ಸಾಲುಗಳ ನಡುವಿನ ಅಂತರ. ಇಂಗ್ಲಿಷ್ ತಲೆಬರಹಗಳಿಗೆ ಟೆಂಪ್ಲೇಟ್‌ಗಳು 1.1 ಅಥವಾ 1.2 ಲೈನ್ ಹೈಟ್ ಕೊಟ್ಟಿರುತ್ತವೆ. ಅಲ್ಲಿ ‘ರಾಷ್ಟ್ರೀಯ’ ಎಂದು ಬರೆದು ನೋಡಿ. ‘ಷ್ಟ್ರೀ’ಗೆ ಕೆಳಗೆ ನೇತಾಡುವ ಎರಡೆರಡು ಒತ್ತು. ತಲೆಬರಹ ಎರಡು ಸಾಲಿಗೆ ಹರಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಕೆಲವು ಬಟನ್‌ಗಳಲ್ಲಂತೂ ಒತ್ತಿನ ಬಾಲವೇ ಕತ್ತರಿಸಿಹೋಗುತ್ತದೆ. ತಲೆಬರಹಕ್ಕೆ 1.4, ಬರಹಕ್ಕೆ 1.7ರ ಆಸುಪಾಸು ಕೊಟ್ಟರೆ ಉಸಿರಾಡುವಷ್ಟು ಜಾಗ ಸಿಗುತ್ತದೆ.

ಲೆಟರ್ ಸ್ಪೇಸಿಂಗ್ ಸೊನ್ನೆ ಮಾಡಿ. ಇಂಗ್ಲಿಷ್‌ನ ದೊಡ್ಡಕ್ಷರಗಳನ್ನು ಬಿಡಿಸಿ ತೋರಿಸುವ ಅಲಂಕಾರ ಅದು, ಕನ್ನಡದಲ್ಲಿ ಪದ ಹರಿದು ಚೂರಾದಂತೆ ಕಾಣುತ್ತದೆ. ‘ಅಪ್ಪರ್‌ಕೇಸ್’ ಸೆಟ್ಟಿಂಗ್‌ಗೆ ಕನ್ನಡದಲ್ಲಿ ಕೆಲಸವೇ ಇಲ್ಲ, ಹಾಗಾಗಿ ದೊಡ್ಡಕ್ಷರವೆಂಬ ಧೈರ್ಯದಲ್ಲಿ 12 ಪಿಕ್ಸೆಲ್‌ಗೆ ಇಳಿಸಿದ ಮೆನು ಓದಲಾಗದಷ್ಟು ಸಣ್ಣದಾಗುತ್ತದೆ. 16ಕ್ಕೆ ಏರಿಸಿ. ಓರೆ ಅಕ್ಷರ, ಪ್ಯಾರಾದ ಮೊದಲ ಅಕ್ಷರವನ್ನು ಹಿಗ್ಗಿಸುವ ಡ್ರಾಪ್ ಕ್ಯಾಪ್, ಇವೆರಡನ್ನೂ ಆಫ್ ಮಾಡಿ. ಸೈಟಿನ ಭಾಷೆಯನ್ನು ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಎಂದು ನಮೂದಿಸಿದರೆ ಓದಿ ಹೇಳುವ ತಂತ್ರಾಂಶಗಳಿಗೂ ಅನುಕೂಲ.

‘ನುಡಿ’ ಅಥವಾ ‘ಬರಹ’ ತಂತ್ರಾಂಶದಲ್ಲಿ ಮಾಡಿದ ಹಳೆಯ ಕಡತದಿಂದ ಪಠ್ಯ ನಕಲು ಮಾಡಿದಾಗ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ ಕಂಡರೆ ಗಾಬರಿ ಬೇಡ. ಅದು ಎಲ್ಲ ಸಾಧನಗಳಿಗೂ ಅರ್ಥವಾಗುವ ಅಕ್ಷರಸಂಕೇತವಾದ ಯುನಿಕೋಡ್ ಅಲ್ಲ, ಕನ್ವರ್ಟರ್‌ನಲ್ಲಿ ಹಾಕಿ ಯುನಿಕೋಡ್‌ಗೆ ತಿರುಗಿಸಿ ಅಂಟಿಸಬೇಕು. ಆಮೇಲೆ ಒಮ್ಮೆ ಕಣ್ಣಾಡಿಸಿ, ಅರ್ಕಾವತ್ತು ಇರುವ ಪದಗಳು ಅಲ್ಲಲ್ಲಿ ತಪ್ಪಿರುವುದುಂಟು.

ಪುಟದ ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲೇ ಇಡುವುದು ವಾಸಿ. ವರ್ಡ್‌ಪ್ರೆಸ್ ಕನ್ನಡ ಶೀರ್ಷಿಕೆಯನ್ನೇ ವಿಳಾಸವಾಗಿಸುತ್ತದೆ. ಆದರೆ ಸಂಕೇತಕ್ಕೆ ತಿರುಗಿದಾಗ ಅಕ್ಷರವೊಂದಕ್ಕೆ, ಕಾಗುಣಿತದ ಗುರುತೊಂದಕ್ಕೆ ತಲಾ 9 ಚಿಹ್ನೆ ಬೇಕು. 200 ಚಿಹ್ನೆಗಳ ಮಿತಿ ಬೇಗ ತುಂಬಿ, ಉದ್ದದ ಶೀರ್ಷಿಕೆ ನಡುವೆಯೇ ತುಂಡಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಹಂಚಿದಾಗ ಶೇಕಡಾ ಚಿಹ್ನೆಗಳ ಉದ್ದನೆಯ ಬಾಲ ಬೇರೆ.

ತುಂಬುವುದು, ಅಳಿಸುವುದು

ಈಗ ಸಿದ್ಧವಿದ್ದ ಬರಹವನ್ನು ಪುಟಗಳಿಗೆ ಹಾಕಿ. ಬೇರೆ ಕಡೆಯಿಂದ ನಕಲು ಮಾಡಿ ಅಂಟಿಸುವಾಗ ‘ಪೇಸ್ಟ್ ಆ್ಯಸ್ ಪ್ಲೇನ್ ಟೆಕ್ಸ್ಟ್’ ಬಳಸಿ, ಇಲ್ಲವಾದರೆ ವರ್ಡ್ ಕಡತದ ಬಣ್ಣ ಮತ್ತು ಅಳತೆಗಳು ಹಿಂಬಾಲಿಸಿಕೊಂಡು ಬರುತ್ತವೆ.

ನಿಮ್ಮ ಬಳಿ ಸರಕಿಲ್ಲದ ವಿಭಾಗವನ್ನು ಅಳಿಸಿ. ‘500ಕ್ಕೂ ಹೆಚ್ಚು ಸಂತೃಪ್ತ ಗ್ರಾಹಕರು’ ಎಂದು ಓಡುವ ಅಂಕಿ, ಊರುಹೆಸರಿಲ್ಲದವರ ಮೆಚ್ಚುಗೆಯ ಮಾತು, ಮೂರು ಬೆಲೆಪಟ್ಟಿಗಳ ಸಾಲು ಇವೆಲ್ಲ ಡೆಮೊದ ಅಲಂಕಾರ. ಟೆಂಪ್ಲೇಟ್‌ನಲ್ಲಿ ಇದೆ ಎಂಬ ಒಂದೇ ಕಾರಣಕ್ಕೆ ಮೂರು ಗುಣವಿಶೇಷಗಳನ್ನು ಹೊಸೆದು ಬರೆಯುವವರಿದ್ದಾರೆ, ಓದುಗರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಟೆಂಪ್ಲೇಟ್‌ಗಳಲ್ಲಿ ಜಾಗ ತುಂಬಲು ಹಾಕುವ ಅರ್ಥವಿಲ್ಲದ ಪಠ್ಯದ ಮೊದಲ ಮಾತಾದ ‘ಲೋರೆಮ್ ಇಪ್ಸಮ್’ ಅನ್ನು ಇಡೀ ಸೈಟಿನಲ್ಲಿ ಹುಡುಕಿ, ಫುಟರ್‌ನ ಮೂಲೆಯಲ್ಲಿ ಒಂದು ಅಡಗಿಯೇ ಇರುತ್ತದೆ. ಎಲ್ಲಿಗೂ ಹೋಗದ ಸಾಮಾಜಿಕ ಜಾಲತಾಣದ ಐಕಾನ್‌ಗಳು, ವರ್ಡ್‌ಪ್ರೆಸ್‌ನ ‘ಹಲೋ ವರ್ಲ್ಡ್’ ಮತ್ತು ‘ಸ್ಯಾಂಪಲ್ ಪೇಜ್’, ಇವಕ್ಕೂ ಬೀಳ್ಕೊಡಿ.

ಫೋಟೊಗಳನ್ನು ಫೋನಿನಿಂದ ಬಂದ ಹಾಗೇ ಏರಿಸಬೇಡಿ. ಪರದೆಯಗಲದ ಚಿತ್ರಕ್ಕೆ 2000 ಪಿಕ್ಸೆಲ್ ಅಗಲ ಧಾರಾಳ, ಬರಹದ ನಡುವಿನದಕ್ಕೆ 1000 ಸಾಕು. ವೆಬ್‌ಪಿ ರೂಪಕ್ಕೆ ತಿರುಗಿಸಿದರೆ ಕಡತ ಇನ್ನೂ ಹಗುರ. ಪುಟದ ಅತಿ ದೊಡ್ಡ ಅಂಶ 2.5 ಸೆಕೆಂಡಿನೊಳಗೆ ಕಾಣಿಸಬೇಕು ಎನ್ನುವುದು ಗೂಗಲ್‌ನ ಅಳತೆಗೋಲು, ಆ ಅಂಶ ಬಹುಪಾಲು ಸಲ ನಿಮ್ಮ ಮುಖಪುಟದ ಮೇಲಿನ ಫೋಟೊವೇ. ಪ್ರತಿ ಚಿತ್ರಕ್ಕೂ ಆಲ್ಟ್ ಪಠ್ಯ, ಅಂದರೆ ಚಿತ್ರದಲ್ಲಿ ಏನಿದೆ ಎಂಬ ಸಣ್ಣ ವಿವರಣೆ, ಬರೆಯಿರಿ. ‘ಫೋಟೊ 1’ ಎಂದರೆ ಕಾಣದವರಿಗೆ ಏನೂ ಹೇಳಿದಂತಾಗಲಿಲ್ಲ. ‘ಜಲವರ್ಣದಲ್ಲಿ ಬಿಡಿಸಿದ ಕಮಲ’ ಎಂದರೆ ಹೇಳಿದಂತಾಯಿತು.

ನಮ್ಮಲ್ಲಿ ಸರಿ, ನೆಟ್‌ನಲ್ಲಿ ತಪ್ಪು

ಕಂಪ್ಯೂಟರ್‌ನಲ್ಲೇ ಸೈಟ್ ಕಟ್ಟುವವರನ್ನು ಕಾಡುವ ಎರಡು ದೋಷಗಳಿವೆ. ಸರ್ವರ್‌ಗೆ ಏರಿಸಿ ನೋಡಿದಾಗ ಚಿತ್ರಗಳ ಜಾಗದಲ್ಲಿ ಖಾಲಿ ಚೌಕ ಕಾಣುವುದು ಒಂದು. ಚಿತ್ರದ ವಿಳಾಸ ಪರೀಕ್ಷಿಸಿ. ‘ಫೈಲ್’ ಎಂದು ಶುರುವಾಗಿ ನಿಮ್ಮ ಸಿ ಡ್ರೈವ್‌ನ ದಾರಿ ತೋರಿಸುತ್ತಿದ್ದರೆ ಅದೇ ಕಾರಣ. ಚಿತ್ರವನ್ನು ಸೈಟಿನ ಮೂಲ ಫೋಲ್ಡರ್ ಒಳಗೆ ಇಟ್ಟು ಮತ್ತೆ ಸೇರಿಸಿದರೆ ವಿಳಾಸ ಸರಿಹೋಗುತ್ತದೆ. ಇನ್ನೊಂದು, ವಿಂಡೋಸ್‌ಗೆ ಕಡತದ ಹೆಸರಿನಲ್ಲಿ ದೊಡ್ಡಕ್ಷರ ಸಣ್ಣಕ್ಷರದ ಭೇದವಿಲ್ಲ. ಬಹುತೇಕ ಸರ್ವರ್‌ಗಳು ಲಿನಕ್ಸ್, ಅಲ್ಲಿ ಒಂದಕ್ಷರ ಹೆಚ್ಚುಕಡಿಮೆ ಆದರೂ ಬೇರೆಯೇ ಕಡತ. ಹೆಸರುಗಳನ್ನೆಲ್ಲ ಸಣ್ಣಕ್ಷರದಲ್ಲಿ, ಖಾಲಿ ಜಾಗ ಬಿಡದೆ, ಅಡ್ಡಗೆರೆ ಹಾಕಿ ಬರೆಯಿರಿ. ಮುಖಪುಟದ ಕಡತಕ್ಕೆ ಇಂಡೆಕ್ಸ್ ಎಂದೇ ಹೆಸರಿರಬೇಕು.

ಪ್ರಕಟಿಸುವಾಗ

ಡೊಮೇನನ್ನು, ಅಂದರೆ ಸೈಟಿನ ವಿಳಾಸದ ಹೆಸರನ್ನು, ನಿಮ್ಮದೇ ಇಮೇಲ್ ಮತ್ತು ನಿಮ್ಮದೇ ಖಾತೆಯಲ್ಲಿ ನೋಂದಾಯಿಸಿ. ಸೈಟ್ ಮಾಡಿಕೊಟ್ಟವರ ಹೆಸರಿನಲ್ಲಿ ಇದ್ದರೆ ಮುಂದೆ ಬಿಡಿಸಿಕೊಳ್ಳುವುದು ರಗಳೆ. ಆ ಹೆಸರು ಯಾವ ಸರ್ವರ್‌ಗೆ ಕರೆದೊಯ್ಯಬೇಕು ಎಂದು ಹೇಳುವ ಡಿಎನ್‌ಎಸ್ ದಾಖಲೆ ಬದಲಾಯಿಸಿದ ಮೇಲೆ ಎಲ್ಲ ಕಡೆ ಹರಡಲು 48 ಗಂಟೆವರೆಗೂ ಹಿಡಿಯಬಹುದು, ಅಷ್ಟರಲ್ಲಿ ಮತ್ತೆ ಮತ್ತೆ ಕೆದಕಬೇಡಿ. ಎಚ್‌ಟಿಟಿಪಿಎಸ್, ಅಂದರೆ ಸುರಕ್ಷಿತ ಸಂಪರ್ಕ, ಕಡ್ಡಾಯ ಎಂದೇ ತಿಳಿಯಿರಿ. ಅದಕ್ಕೆ ಬೇಕಾದ ಪ್ರಮಾಣಪತ್ರ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯಲ್ಲಿ ಉಚಿತ, ಅವಧಿ 90 ದಿನ, ಹೋಸ್ಟಿಂಗ್‌ನವರು ಅದನ್ನು ತಾನಾಗಿ ನವೀಕರಿಸುತ್ತಾರೆಯೇ ಎಂದು ಕೇಳಿಕೊಳ್ಳಿ.

ಪ್ರತಿ ಪುಟಕ್ಕೂ ಬೇರೆ ಬೇರೆ ಶೀರ್ಷಿಕೆ ಇದೆಯೇ ನೋಡಿ. ಬ್ರೌಸರ್ ಟ್ಯಾಬ್‌ನಲ್ಲಿ ಇನ್ನೂ ಟೆಂಪ್ಲೇಟ್‌ನ ಹೆಸರೇ ಕಾಣುವ ಸೈಟುಗಳು ಎಷ್ಟೋ. ಟ್ಯಾಬ್‌ನ ಪುಟ್ಟ ಗುರುತಾದ ಫೆವಿಕಾನ್ ಕೂಡ ನಿಮ್ಮದಿರಲಿ. ವರ್ಡ್‌ಪ್ರೆಸ್‌ನವರು ‘ಸೆಟ್ಟಿಂಗ್ಸ್’ ಒಳಗಿನ ‘ರೀಡಿಂಗ್’ ತೆರೆದು, ಸರ್ಚ್ ಎಂಜಿನ್‌ಗಳನ್ನು ದೂರವಿಡುವ ಚೌಕದ ಗುರುತು ತೆಗೆಯಿರಿ. ಕಟ್ಟುವಾಗ ಹಾಕಿದ ಆ ಗುರುತನ್ನು ತಿಂಗಳುಗಟ್ಟಲೆ ಮರೆತು, ಗೂಗಲ್‌ನಲ್ಲಿ ನಮ್ಮ ಸೈಟ್ ಯಾಕೆ ಸಿಗುತ್ತಿಲ್ಲ ಎಂದು ಹುಡುಕಾಡುವವರು ಇದ್ದೇ ಇರುತ್ತಾರೆ.

ಕೊನೆಗೆ ಸಂಪರ್ಕದ ಫಾರಂ. ಬೇರೊಂದು ಇಮೇಲ್ ವಿಳಾಸ ಹಾಕಿ, ಮೊಬೈಲ್‌ನಿಂದ, ಕನ್ನಡದಲ್ಲೇ ಒಂದು ಸಂದೇಶ ಬರೆದು ಕಳುಹಿಸಿ. ‘ಧನ್ಯವಾದ’ ಎಂದು ತೋರಿಸಿದ ಮಾತ್ರಕ್ಕೆ ತಲುಪಿತು ಎಂದಲ್ಲ. ಎಷ್ಟೋ ಟೆಂಪ್ಲೇಟ್‌ಗಳ ಫಾರಂ ಬರೀ ಚಿತ್ರದಂತೆ, ಹಿಂದೆ ಕಳುಹಿಸುವ ವ್ಯವಸ್ಥೆಯೇ ಇರುವುದಿಲ್ಲ. ಇನ್‌ಬಾಕ್ಸ್‌ನಲ್ಲಿ ಬಾರದಿದ್ದರೆ ಸ್ಪ್ಯಾಮ್ ನೋಡಿ, ಅಲ್ಲೂ ಇಲ್ಲದಿದ್ದರೆ ಫಾರಂ ಸೆಟ್ಟಿಂಗ್‌ನಲ್ಲಿ ಡೆಮೊದ ವಿಳಾಸವೇ ಉಳಿದಿದೆಯೇ ನೋಡಿ. ಅದು ಸರಿಹೋಗುವವರೆಗೆ ಫಾರಂ ತೆಗೆದು, ಫೋನ್ ನಂಬರ್ ಮತ್ತು ಇಮೇಲ್ ವಿಳಾಸವನ್ನು ಪುಟದ ಮೇಲೆ ನೇರವಾಗಿ ಬರೆದಿಡಿ.